ಡಾಲರ್ ನಾಣ್ಯದ ರೋಲ್: ಒಡೆಯಬೇಕೋ, ಸೀಲ್ ಇದ್ದ ಹಾಗೇ ಇಡಬೇಕೋ?

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ನಾಣ್ಯದ ಹುಚ್ಚು ಹಿಡಿದವರು ಆಗಾಗ ಕೇಳುವ ಪ್ರಶ್ನೆ ಇದು. ಕೈಯಲ್ಲಿ ಒಂದು ಡಾಲರ್ ನಾಣ್ಯಗಳ ರೋಲ್ ಇದೆ, ಅಂದರೆ ಒಂದರ ಮೇಲೊಂದು ಜೋಡಿಸಿ ಕಾಗದ ಸುತ್ತಿ ಮುಚ್ಚಿದ ಕಟ್ಟು. ಬ್ಯಾಂಕಿನಲ್ಲಿ ಕೇಳಿ ತಂದದ್ದೋ, ಟಂಕಸಾಲೆಯಿಂದ ಅಂಚೆಯಲ್ಲಿ ತರಿಸಿದ್ದೋ, ಯಾರೋ ಹಿರಿಯರು ಬಿಟ್ಟುಹೋದದ್ದೋ. ಒಡೆದರೆ ತಪ್ಪಾಗಿ ಅಚ್ಚಾದ ಬೆಲೆಬಾಳುವ ನಾಣ್ಯವೊಂದು ಸಿಕ್ಕೀತು ಎಂಬ ಆಸೆ. ಒಡೆದರೆ ಸೀಲ್ ಆದ ರೋಲಿಗೆ ಸಿಗುವ ಬೆಲೆ ಕೈತಪ್ಪೀತು ಎಂಬ ಭಯ. ಆಸೆಗೂ ಆಧಾರವಿದೆ, ಭಯಕ್ಕೂ ಇದೆ, ಆದರೆ ಎಲ್ಲ ರೋಲಿಗೂ ಒಂದೇ ಪ್ರಮಾಣದಲ್ಲಿ ಇಲ್ಲ. 2007ರ ಜಾರ್ಜ್ ವಾಷಿಂಗ್ಟನ್ ರೋಲಿಗೆ ಸರಿಹೊಂದುವ ಉತ್ತರ 2016ರ ರೊನಾಲ್ಡ್ ರೇಗನ್ ರೋಲಿಗೆ ಹೊಂದುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಡೆಯದ ರೋಲನ್ನು ನಾಳೆಯೂ ಒಡೆಯಬಹುದು, ಒಡೆದದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಅದಕ್ಕೇ ಅವಸರ ಬೇಡ. ಆದರೆ ಅಷ್ಟೇ ಕಾರಣಕ್ಕೆ ಎಲ್ಲ ರೋಲನ್ನೂ ಕಪಾಟಿನಲ್ಲಿ ಕೂಡಿಹಾಕುವುದೂ ಬೇಡ. ಬಹಳಷ್ಟು ರೋಲುಗಳಲ್ಲಿ ಆ ಕಾಗದಕ್ಕೆ ಬೆಲೆಯೇ ಇಲ್ಲ.

ಯಾವುದನ್ನು ನೋಡಿ ನಿರ್ಧರಿಸಬೇಕು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲ ಪ್ರಶ್ನೆ: ಕಾಗದ ಸುತ್ತಿದವರು ಯಾರು? ಟಂಕಸಾಲೆ, ಅಂದರೆ ಯುಎಸ್ ಮಿಂಟ್, ತಾನೇ ಸುತ್ತಿ ಸಂಗ್ರಾಹಕರಿಗೆ ಮಾರುವ ರೋಲಿನ ಮೇಲೆ ಅದರ ಹೆಸರು, ನಾಣ್ಯದ ಹೆಸರು, ಅದು ಅಚ್ಚಾದ ಊರಿನ ಗುರುತು, ಅಂದರೆ ಫಿಲಡೆಲ್ಫಿಯಾದ ‘ಪಿ’ ಅಥವಾ ಡೆನ್ವರಿನ ‘ಡಿ’, ಮುದ್ರಿತವಾಗಿರುತ್ತದೆ. ಬ್ಯಾಂಕಿನಲ್ಲಿ ಸಿಗುವ ರೋಲುಗಳನ್ನು ಸುತ್ತುವುದು ನಗದು ಸಾಗಿಸುವ ಕಂಪನಿಗಳ ಯಂತ್ರಗಳು. ಮೂರನೆಯ ಬಗೆ, ಯಾರೋ ಮನೆಯಲ್ಲಿ ಕೂತು ಕೈಯಿಂದ ಸುತ್ತಿದ್ದು. ಅದನ್ನು ಸೀಲ್ ಆದ ರೋಲ್ ಎಂದು ಲೆಕ್ಕಕ್ಕೇ ಹಿಡಿಯಬೇಡಿ, ನಿಶ್ಚಿಂತೆಯಿಂದ ಬಿಚ್ಚಿ.

ಎರಡನೆಯದು, ಮುಖಬೆಲೆಗಿಂತ ಎಷ್ಟು ಹೆಚ್ಚು ಕೊಟ್ಟಿದ್ದೀರಿ. 2000ದಿಂದ ಈಚಿನ ಚಿಕ್ಕ ಬಂಗಾರ ಬಣ್ಣದ ಡಾಲರ್ ಒಂದು ರೋಲಿಗೆ 25 ಇರುತ್ತವೆ. ಏನೇ ಆದರೂ ಅಮೆರಿಕದಲ್ಲಿ ಅದಕ್ಕೆ 25 ಡಾಲರ್ ಬೆಲೆ ಇದ್ದೇ ಇದೆ. ಮುಖಬೆಲೆಗೇ ತಂದಿದ್ದರೆ ಒಡೆದು ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಹೆಚ್ಚು ಕೊಟ್ಟಿದ್ದರೆ ಆ ಹೆಚ್ಚಿನ ಹಣ ಯಾವುದಕ್ಕೆ ಹೋಯಿತು, ನಾಣ್ಯಕ್ಕೋ ಕಾಗದಕ್ಕೋ, ಅದನ್ನು ಕೇಳಿಕೊಳ್ಳಬೇಕು.

ಮೂರನೆಯದು, ಆ ವರ್ಷದ ಆ ನಾಣ್ಯದಲ್ಲಿ ಹುಡುಕುವುದಕ್ಕೆ ಏನಾದರೂ ಇದೆಯೇ ಎಂಬುದು. ನಾಲ್ಕನೆಯದು ಲೋಹ. ಬಂಗಾರ ಬಣ್ಣದ ಡಾಲರಿನ ಮೇಲ್ಪದರ ಮ್ಯಾಂಗನೀಸ್ ಬೆರೆತ ಹಿತ್ತಾಳೆ. ಬೆವರಿನ ಬೆರಳು ತಾಗಿದರೂ, ಗಾಳಿಯಲ್ಲಿ ತೇವ ಹೆಚ್ಚಿದ್ದರೂ ಅದು ಕಪ್ಪಾಗುತ್ತದೆ, ಕಲೆ ಕಟ್ಟುತ್ತದೆ. ಕಾಗದದೊಳಗೆ ಇದ್ದಮಾತ್ರಕ್ಕೆ ಅದು ಸುರಕ್ಷಿತ ಎಂದುಕೊಳ್ಳಬೇಡಿ. ಕಾಗದ ಗಾಳಿಯನ್ನು ತಡೆಯುವುದಿಲ್ಲ, ತುದಿಯ ನಾಣ್ಯಗಳಂತೂ ಅರ್ಧ ಬಯಲಿನಲ್ಲೇ ಇರುತ್ತವೆ. ಕೊನೆಗೆ ನಿಮ್ಮ ಉದ್ದೇಶ: ಸಂಗ್ರಹಕ್ಕೋ, ಮಾರಾಟಕ್ಕೋ, ಮಕ್ಕಳಿಗೆ ಕೊಡುವುದಕ್ಕೋ.

ಸೀಲ್ ನಿಜವೇ ಎಂದು ನೋಡುವುದು

ಇಟ್ಟುಕೊಳ್ಳುವ ಯೋಚನೆಗೆ ಮೊದಲು ಸೀಲನ್ನೇ ಪರೀಕ್ಷಿಸಿ. ರೋಲನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ನೋಡಿ. ಯಂತ್ರ ಮಡಿಸಿದ ತುದಿಯಲ್ಲಿ ಕಾಗದ ಒಳಕ್ಕೆ ಬಿಗಿಯಾಗಿ ಸುರುಳಿಗಟ್ಟಿ ನಾಣ್ಯದ ಸುತ್ತ ಒಂದೇ ಅಗಲದ ಉಂಗುರದಂತೆ ಕೂತಿರುತ್ತದೆ, ನಡುವೆ ನಾಣ್ಯದ ಮುಖ ಕಾಣುತ್ತದೆ. ಬೆರಳಿನಲ್ಲಿ ಒತ್ತಿದರೆ ಜಗ್ಗುವುದಿಲ್ಲ. ಕೈಯಿಂದ ಮಡಿಸಿದ್ದರೆ ಸಣ್ಣ ಸಣ್ಣ ತ್ರಿಕೋನದ ಮಡಿಕೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಿದ್ದರೆ, ಒಮ್ಮೆ ಬಿಚ್ಚಿದ ಗೆರೆ ಕಾಗದದ ಮೇಲೆ ಉಳಿದಿದ್ದರೆ ಸಂಶಯಪಡಿ. ಮನೆಯಲ್ಲೇ ಯಂತ್ರದ ಹಾಗೆ ಮಡಿಸಿಕೊಡುವ ಸಲಕರಣೆಗಳೂ ಮಾರಾಟಕ್ಕಿವೆ. ಹಾಗಾಗಿ ಚೆಂದದ ಮಡಿಕೆಯೊಂದೇ ಸಾಕ್ಷಿಯಾಗದು.

ತಕ್ಕಡಿಯೂ ನೆರವಾಗುತ್ತದೆ. ಚಿಕ್ಕ ಡಾಲರಿನ ತೂಕ 8.1 ಗ್ರಾಂ, ದಪ್ಪ 2 ಮಿಲಿಮೀಟರ್. 25 ನಾಣ್ಯಕ್ಕೆ 202.5 ಗ್ರಾಂ, ಮೇಲೆ ಕಾಗದದ ತೂಕ ಸ್ವಲ್ಪ. ಉದ್ದ ಸುಮಾರು 50 ಮಿಲಿಮೀಟರ್. ಇದಕ್ಕಿಂತ ಎದ್ದುಕಾಣುವಷ್ಟು ಕಡಿಮೆ ತೂಗಿದರೆ ಒಳಗಿರುವುದು ಬೇರೇನೋ. ಆದರೆ ತೂಕ ಸರಿಯಿದೆ ಎಂದು ಅಪರೂಪದ ನಾಣ್ಯ ಇಲ್ಲ ಎನ್ನಲಾಗದು. ಅಂಚಿನಲ್ಲಿ ಇರಬೇಕಾದ ಬರಹ ತಪ್ಪಿಹೋದ ಅಪರೂಪದ ಡಾಲರ್ ಕೂಡ 8.1 ಗ್ರಾಮೇ ತೂಗುತ್ತದೆ.

ಬ್ಯಾಂಕಿನಿಂದ ಬಂದ ಅಧ್ಯಕ್ಷರ ಡಾಲರ್ ಮತ್ತು ಸಕಜಾವಿಯಾ

ಇದು ಅತಿ ಹೆಚ್ಚು ಜನರ ಕೈಯಲ್ಲಿರುವ ಬಗೆ. ನನ್ನ ಉತ್ತರ: ಒಡೆಯಿರಿ. ಕಾರಣ ಸ್ವಲ್ಪ ವಿವರವಾಗಿ ಹೇಳಬೇಕು.

ಅಧ್ಯಕ್ಷರ ಚಿತ್ರವಿರುವ ಡಾಲರ್ ಸರಣಿ 2007ರಲ್ಲಿ ಶುರುವಾಯಿತು, ವರ್ಷಕ್ಕೆ ನಾಲ್ವರಂತೆ. ಈ ನಾಣ್ಯದಲ್ಲಿ ಇಸವಿಯೂ ಟಂಕಸಾಲೆಯ ಗುರುತೂ ಮುಖದ ಮೇಲಿಲ್ಲ, ಅಂಚಿನಲ್ಲಿ ಕೆತ್ತಿವೆ. ಆದ್ದರಿಂದ ಬ್ಯಾಂಕಿನ ರೋಲಿನ ತುದಿ ನೋಡಿ ಒಳಗಿರುವುದು ಫಿಲಡೆಲ್ಫಿಯಾದ್ದೋ ಡೆನ್ವರಿನದೋ ಎಂದು ಹೇಳಲಾಗದು. ಸೀಲ್ ಇರುವಷ್ಟು ಕಾಲವೂ ನಿಮ್ಮ ಬಳಿ ಯಾವ ನಾಣ್ಯವಿದೆ ಎಂಬುದು ನಿಮಗೇ ತಿಳಿಯದು, ಕೊಳ್ಳುವವನಿಗೂ ತಿಳಿಯದು.

ಅಂಚಿನ ಬರಹವೇ ದೊಡ್ಡ ಸುದ್ದಿಗೂ ಕಾರಣವಾಯಿತು. ನಾಣ್ಯದ ಎರಡು ಮುಖ ಅಚ್ಚಾದ ಮೇಲೆ ಅದನ್ನು ಇನ್ನೊಂದು ಯಂತ್ರಕ್ಕೆ ಕಳಿಸಿ ಅಂಚಿನಲ್ಲಿ ಅಕ್ಷರ ಒತ್ತುತ್ತಿದ್ದರು. 2007ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಜಾರ್ಜ್ ವಾಷಿಂಗ್ಟನ್ ಡಾಲರುಗಳಲ್ಲಿ ಹತ್ತಾರು ಸಾವಿರ ನಾಣ್ಯಗಳು ಈ ಎರಡನೆಯ ಯಂತ್ರವನ್ನು ಮುಟ್ಟದೆಯೇ ಹೊರಬಿದ್ದವು. ಅಂಚು ನುಣ್ಣಗೆ, ಇಸವಿಯಿಲ್ಲ, ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಸಾಲೂ ಇಲ್ಲ. ಮಾರ್ಚ್‌ನಲ್ಲಿ ಪತ್ರಿಕೆಗಳು ಇದನ್ನು ದೇವರಿಲ್ಲದ ಡಾಲರ್ ಎಂದು ಕರೆದವು. ಫ್ಲಾರಿಡಾದ ಜಾಕ್ಸನ್‌ವಿಲ್ ಸುತ್ತಮುತ್ತ ಬಹಳ ಸಿಕ್ಕವು. ಅದೇ ವರ್ಷದ ಜಾನ್ ಆಡಮ್ಸ್ ಡಾಲರಿನಲ್ಲಿ ಅಂಚಿನ ಬರಹ ಎರಡು ಸಲ, ಒಂದರ ಮೇಲೊಂದು ಒತ್ತಿದವು ಸಿಕ್ಕವು. ಬರಹವೇ ಇಲ್ಲದವೂ ಸಿಕ್ಕವು. 2009ರಿಂದ ದೇವರ ಸಾಲನ್ನು ಅಂಚಿನಿಂದ ಮುಖಕ್ಕೆ ತಂದರು.

ಇಲ್ಲಿ ಗಮನಿಸಬೇಕಾದದ್ದು, ಇಂಥ ತಪ್ಪುಗಳು ಚೆದುರಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಯಂತ್ರ ತಪ್ಪಿಸಿಕೊಂಡದ್ದು ಒಂದೆರಡು ಬಿಡಿ ನಾಣ್ಯವಲ್ಲ, ಡಬ್ಬಗಟ್ಟಲೆ ರಾಶಿ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಬಂದ ಹಲವು ರೋಲ್ ನಿಮ್ಮಲ್ಲಿದ್ದರೆ ಎಲ್ಲವನ್ನೂ ಒಟ್ಟಿಗೆ ಒಡೆಯಬೇಡಿ. ಒಂದನ್ನು ಒಡೆದು ನೋಡಿ. ತಪ್ಪಚ್ಚಿನದು ಒಂದು ಸಿಕ್ಕರೂ ಉಳಿದವುಗಳಲ್ಲಿ ಸಿಗುವ ಸಂಭವ ಒಮ್ಮೆಲೇ ಏರುತ್ತದೆ, ಆಗ ಎಲ್ಲವನ್ನೂ ಬಿಚ್ಚಿ. 25ಕ್ಕೆ 25 ಕೂಡ ಸರಿಯಿದ್ದರೆ ಉಳಿದವುಗಳ ಮೇಲಿನ ಆಸೆಯನ್ನು ಬಹುಮಟ್ಟಿಗೆ ಬಿಡಬಹುದು. ಆಮೇಲೆ ಅವನ್ನು ಇಟ್ಟರೂ ಖರ್ಚು ಮಾಡಿದರೂ ಒಂದೇ.

ಸೀಲ್ ಆದ ಬ್ಯಾಂಕ್ ರೋಲಿಗೆ ಬೆಲೆ ಬರುವುದಿಲ್ಲವೇ? 2007ರಿಂದ 2011ರ ತನಕದ ರೋಲಿಗೆ ಬಹಳ ಬರುವುದಿಲ್ಲ. ವಾಷಿಂಗ್ಟನ್ ಡಾಲರ್ ಒಂದನ್ನೇ ಎರಡು ಟಂಕಸಾಲೆ ಸೇರಿ 34 ಕೋಟಿ ಅಚ್ಚು ಹಾಕಿದ್ದವು. ಜನ ನಾಣ್ಯ ಬಳಸಲಿಲ್ಲ, ನೋಟಿಗೇ ಅಂಟಿಕೊಂಡರು. 2011ರ ಡಿಸೆಂಬರ್ ಹೊತ್ತಿಗೆ ಫೆಡರಲ್ ರಿಸರ್ವ್ ತಿಜೋರಿಗಳಲ್ಲಿ 140 ಕೋಟಿ ಡಾಲರ್ ನಾಣ್ಯ ಬಿದ್ದಿದ್ದವು, ಚಲಾವಣೆಗಾಗಿ ಅಚ್ಚು ಹಾಕುವುದನ್ನೇ ಸರ್ಕಾರ ನಿಲ್ಲಿಸಿತು. ಇಷ್ಟು ರಾಶಿ ಬಿದ್ದಿರುವ ನಾಣ್ಯದ ಸೀಲ್ ಆದ ರೋಲ್ ಅಪರೂಪವಾಗಲು ನಮ್ಮ ಜೀವಮಾನ ಸಾಲದು.

ಸಕಜಾವಿಯಾ ಎಂಬ ಅಮೆರಿಕದ ಮೂಲನಿವಾಸಿ ಮಹಿಳೆಯ ಚಿತ್ರವಿರುವ ಡಾಲರಿನ ಮೊದಲ ವರ್ಷ, 2000, ಇನ್ನೂ ಅಧಿಕ: ಎರಡೂ ಕಡೆ ಸೇರಿ 128 ಕೋಟಿ ದಾಟಿತ್ತು. ಆದರೆ ಫಿಲಡೆಲ್ಫಿಯಾದ ಆ ವರ್ಷದ ರೋಲಿನಲ್ಲಿ ನೋಡಬೇಕಾದದ್ದಿದೆ. ಹಿಂಬದಿಯ ಹದ್ದಿನ ಎದೆಗೆ ಅಡ್ಡಲಾಗಿ ಈಟಿ ಚುಚ್ಚಿದಂಥ ಉಬ್ಬುಗೆರೆ ಇರುವ ನಾಣ್ಯಗಳಿವೆ, ಅಚ್ಚಿನಲ್ಲೇ ಬಿದ್ದ ಗೀರಿನಿಂದ ಆದದ್ದು. ಸಂಗ್ರಾಹಕರು ಗಾಯಗೊಂಡ ಹದ್ದು ಎನ್ನುತ್ತಾರೆ. ಇನ್ನೂ ದೊಡ್ಡದು, ಒಂದು ಬದಿಯಲ್ಲಿ ಕ್ವಾರ್ಟರ್ (25 ಸೆಂಟ್) ನಾಣ್ಯದ ವಾಷಿಂಗ್ಟನ್, ಇನ್ನೊಂದು ಬದಿಯಲ್ಲಿ ಡಾಲರಿನ ಹದ್ದು ಇರುವ ‘ಮ್ಯೂಲ್’. ಮೊದಲನೆಯದು 2000ದಲ್ಲಿ ಅರ್ಕನ್ಸಾದ ಮೌಂಟನ್ ಹೋಮ್ ಊರಿನಲ್ಲಿ ಹೊಸ ರೋಲಿನಿಂದಲೇ ಹೊರಬಂತು. ಇವತ್ತಿಗೂ ಗೊತ್ತಿರುವುದು ಸುಮಾರು ಇಪ್ಪತ್ತು ಮಾತ್ರ. ಅದು ಸಿಗುತ್ತದೆ ಎಂದು ನಂಬಿ ಯಾರೂ ರೋಲ್ ಕೊಳ್ಳಬಾರದು. ಆದರೆ ಮುಖಬೆಲೆಗೆ ತಂದ ರೋಲ್ ಕೈಯಲ್ಲಿದ್ದರೆ ನೋಡದೆ ಇಡುವುದಕ್ಕೂ ಅರ್ಥವಿಲ್ಲ.

ಟಂಕಸಾಲೆಯೇ ಸುತ್ತಿದ ರೋಲ್

ಇಲ್ಲಿ ಲೆಕ್ಕ ತಿರುಗುತ್ತದೆ. 2012ರಿಂದ 2016ರ ತನಕದ ಅಧ್ಯಕ್ಷರ ಡಾಲರ್, 2020ರ ಜಾರ್ಜ್ ಎಚ್. ಡಬ್ಲ್ಯು. ಬುಷ್, 2018ರಲ್ಲಿ ಶುರುವಾಗಿ 2032ರ ತನಕ ನಡೆಯಬೇಕಿರುವ ಅಮೆರಿಕನ್ ಇನ್ನೋವೇಶನ್ ಸರಣಿ, ಇವೆಲ್ಲ ಚಲಾವಣೆಗೆ ಬಂದದ್ದಲ್ಲ, ಸಂಗ್ರಾಹಕರಿಗೆಂದೇ ಅಚ್ಚಾದವು. ಮುಖಬೆಲೆಗಿಂತ ಹೆಚ್ಚು ಕೊಟ್ಟೇ ನೀವು ಕೊಂಡಿರುತ್ತೀರಿ. ಇಲ್ಲಿ ಒಡೆದ ಕ್ಷಣವೇ ಆ ಹೆಚ್ಚಿನ ಹಣದ ಒಂದು ಪಾಲು ಹೋಗುತ್ತದೆ. ರೋಲ್ ಕೂಡಿಸುವವರು ಬೇರೆಯೇ ಒಂದು ಬಳಗ. ಅವರು ಕೊಳ್ಳುವುದು ಟಂಕಸಾಲೆಯ ಹೆಸರಿರುವ ಕಾಗದದ ಸಮೇತ. ಬಿಡಿ 25 ನಾಣ್ಯ ಅವರಿಗೆ ಬೇಡ. ಬಿಡಿ ನಾಣ್ಯ ಕೊಳ್ಳುವವರಿಗೆ ಒಂದೊಂದಾಗಿ ಮಾರಹೊರಟರೆ ಅಂಚೆ ಖರ್ಚೇ ಲಾಭ ತಿಂದುಹಾಕುತ್ತದೆ.

ಆದ್ದರಿಂದ ಮುಂದೆ ಮಾರುವ ಯೋಚನೆ ಇದ್ದರೆ ಇವನ್ನು ಒಡೆಯಬೇಡಿ. ಪಿ ಮತ್ತು ಡಿ ಜೋಡಿಯಾಗಿ ಇದ್ದರೆ ಬೇರ್ಪಡಿಸಲೂ ಬೇಡಿ. ಎರಡೂ ತುದಿಯಲ್ಲಿ ಮುಖವೇ ಕಾಣುವ ರೋಲ್, ಎರಡೂ ತುದಿಯಲ್ಲಿ ಹಿಂಬದಿ ಕಾಣುವ ರೋಲ್ ಎಂದು ಹೆಚ್ಚು ಬೆಲೆ ಕೇಳುವವರಿದ್ದಾರೆ. ಅದಕ್ಕೆ ಹೆಚ್ಚು ಹಣ ಕೊಡುವುದು ನನಗೆ ಸರಿಕಾಣುವುದಿಲ್ಲ.

ಒಂದು ಅಪವಾದ ಇದೆ. ಟಂಕಸಾಲೆಯಿಂದ ಬಂದ ಹೊರಪೆಟ್ಟಿಗೆಯನ್ನೇ ಇನ್ನೂ ತೆರೆದಿಲ್ಲ, ಅದರ ಮೇಲಿನ ಅಂಚೆ ದಿನಾಂಕ ನಾಣ್ಯ ಬಿಡುಗಡೆಯಾದ 30 ದಿನದೊಳಗಿನದು ಎಂದಾದರೆ ಆ ಪೆಟ್ಟಿಗೆಯೇ ಒಂದು ದಾಖಲೆ. ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಪಿಸಿಜಿಎಸ್, ಎನ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಗಳು ಮೊದಲ ದಿನಗಳ ನಾಣ್ಯ ಎಂಬ ವಿಶೇಷ ಚೀಟಿ ಅಂಟಿಸುವಾಗ ಈ ದಿನಾಂಕವನ್ನೇ ನೋಡುವುದು. ಗ್ರೇಡಿಂಗ್‌ಗೆ ಕಳಿಸುವ ಮನಸ್ಸಿದ್ದರೆ ಪೆಟ್ಟಿಗೆ ತೆರೆಯದೆ ಆ ಸಂಸ್ಥೆಯ ನಿಯಮ ಮೊದಲು ಓದಿ. ಮನಸ್ಸಿಲ್ಲದಿದ್ದರೂ ಪೆಟ್ಟಿಗೆ ಎಸೆಯಬೇಡಿ.

ಗ್ರೇಡಿಂಗ್ ಬಗ್ಗೆ ಒಂದು ಎಚ್ಚರಿಕೆ. 70 ಅಂಕದ ಮಾಪಕದಲ್ಲಿ ಆಧುನಿಕ ಡಾಲರಿಗೆ 65, 66 ಬರುವುದು ಸಾಮಾನ್ಯ. ಆ ಅಂಕದ ನಾಣ್ಯಕ್ಕೆ ಮಾರುಕಟ್ಟೆಯಲ್ಲಿ ಸಿಗುವುದು ಗ್ರೇಡಿಂಗ್ ಶುಲ್ಕಕ್ಕಿಂತ ಕಡಿಮೆ. ರೋಲಿನಲ್ಲಿ ಬಂದ ನಾಣ್ಯಗಳು ಮೊದಲು ರಾಶಿಯಲ್ಲಿ ಒಂದಕ್ಕೊಂದು ಬಡಿದುಕೊಂಡೇ ಬಂದವು, ಕೆನ್ನೆಯ ಮೇಲೆ ಗೀರಿಲ್ಲದ್ದು ಸಿಗುವುದು ಕಷ್ಟ. ಅಂಕಕ್ಕಾಗಿ ರೋಲ್ ಒಡೆಯುವುದು ಕಣ್ಣು ಪಳಗಿದವರ ಕೆಲಸ.

ಐಸೆನ್‌ಹೋವರ್ ಮತ್ತು ಸೂಸನ್ ಆಂಥನಿ

1971ರಿಂದ 1978ರ ತನಕದ ಐಸೆನ್‌ಹೋವರ್ ಡಾಲರ್ ದೊಡ್ಡದು, 38.1 ಮಿಲಿಮೀಟರ್ ಅಗಲ; ರೋಲಿಗೆ 20. ಬ್ಯಾಂಕಿನ ರೋಲಿನಲ್ಲಿ ಇರಬೇಕಾದದ್ದು ತಾಮ್ರ-ನಿಕ್ಕಲ್ ನಾಣ್ಯ. 40 ಶೇಕಡಾ ಬೆಳ್ಳಿಯದನ್ನು ಟಂಕಸಾಲೆ ಬೇರೆಯಾಗಿ, ಸಂಗ್ರಾಹಕರಿಗೆಂದು ಲಕೋಟೆ ಮತ್ತು ಪೆಟ್ಟಿಗೆಯಲ್ಲಿ ಮಾರಿತ್ತು. ಆದ್ದರಿಂದ ‘ಬ್ಯಾಂಕಿನ ಸೀಲ್ ಇರುವ ಬೆಳ್ಳಿ ಐಸೆನ್‌ಹೋವರ್ ರೋಲ್’ ಎಂದು ಯಾರಾದರೂ ಹೇಳಿದರೆ ಹಿಂದೆ ಸರಿಯಿರಿ. ಡೆನ್ವರಿನ 1974 ಮತ್ತು 1977ರ ಕೆಲವೇ ಕೆಲವು ನಾಣ್ಯ ತಪ್ಪಿ ಬೆಳ್ಳಿಯ ಬಿಲ್ಲೆಯ ಮೇಲೆ ಅಚ್ಚಾಗಿದ್ದು ನಿಜ. ಅವನ್ನು ಗುರುತಿಸುವುದು ಅಂಚಿನಿಂದ: ಸಾಮಾನ್ಯ ನಾಣ್ಯದ ಅಂಚಿನಲ್ಲಿ ತಾಮ್ರದ ಕಂದು ಗೆರೆ ಎದ್ದುಕಾಣುತ್ತದೆ, ಇವುಗಳಲ್ಲಿ ಅದು ಕಾಣುವುದಿಲ್ಲ. ತೂಕ 22.68 ಗ್ರಾಮಿಗೆ ಬದಲು 24.59.

ನಾನು ಖಂಡಿತ ಒಡೆಯುವಂಥದ್ದು 1972ರ ಫಿಲಡೆಲ್ಫಿಯಾ ರೋಲ್. ಆ ವರ್ಷ ಹಿಂಬದಿಯ ಭೂಗೋಲದ ಚಿತ್ರ ಮೂರು ರೀತಿಯಲ್ಲಿ ಅಚ್ಚಾಗಿತ್ತು. ಭೂತಗನ್ನಡಿ ಹಿಡಿದು ಫ್ಲಾರಿಡಾದ ಕೆಳಗಿನ ದ್ವೀಪಗಳನ್ನು ನೋಡಬೇಕು. ಎರಡನೆಯ ರೀತಿಯದು, ದ್ವೀಪಗಳು ಸ್ಪಷ್ಟವಾಗಿ ಕಾಣದೆ ಮಸುಕಾಗಿರುವುದು, ಉಳಿದೆರಡಕ್ಕಿಂತ ಬಹಳ ವಿರಳ. ಕಾಗದದ ಹೊರಗಿನಿಂದ ಇದನ್ನು ತಿಳಿಯಲು ದಾರಿಯಿಲ್ಲ. ಉಳಿದ ವರ್ಷಗಳ ಐಸೆನ್‌ಹೋವರ್ ರೋಲನ್ನು ಮಾತ್ರ ನಾನಾದರೆ ಹಾಗೇ ಇಡುತ್ತೇನೆ. ಭಾರವಾದ ನಾಣ್ಯಗಳು, ಗೀರಿಲ್ಲದವು ಕಡಿಮೆ, ಒಡೆದರೆ ಬಹುಪಾಲು ನಿರಾಸೆಯೇ. ಸೀಲ್ ಆದ ರೋಲಿಗೆ ಕೊಳ್ಳುವವರಿದ್ದಾರೆ.

ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿ ಚಿತ್ರವಿರುವ ಡಾಲರಿನಲ್ಲಿ ಮಾತು ಚಿಕ್ಕದು. 1979ರಲ್ಲಿ ಮೂರು ಟಂಕಸಾಲೆ ಸೇರಿ 75 ಕೋಟಿಗೂ ಹೆಚ್ಚು ಅಚ್ಚಾಯಿತು. 1979ರ ಪಿ ರೋಲ್ ಆದರೆ ಒಡೆದು ಇಸವಿ ಅಂಚಿಗೆ ತೀರ ಹತ್ತಿರ ಇರುವ, ಅಗಲ ಅಂಚಿನ ನಾಣ್ಯ ಹುಡುಕಿ. ತುದಿಯಲ್ಲೇ ಮುಖ ಕಾಣುತ್ತಿದ್ದರೆ ಒಡೆಯುವ ಮೊದಲೇ ಒಂದು ಸುಳಿವು ಸಿಕ್ಕೀತು. 1981ರದು ಚಲಾವಣೆಗೆ ಬಿಟ್ಟದ್ದಲ್ಲ, ಸಂಗ್ರಾಹಕರ ಸೆಟ್‌ಗಳಲ್ಲಷ್ಟೇ ಬಂತು. ಬ್ಯಾಂಕಿನ ಸೀಲ್ ಇರುವ 1981ರ ರೋಲ್ ಎಂದರೆ ಪ್ರಶ್ನೆ ಕೇಳಿ.

ಹಳೆಯ ಬೆಳ್ಳಿ ಡಾಲರಿನ ‘ಯಾರೂ ತೆರೆಯದ’ ರೋಲ್

ಮಾರ್ಗನ್ (1878ರಿಂದ 1904, ಮತ್ತೆ 1921) ಮತ್ತು ಪೀಸ್ (1921ರಿಂದ 1928, ಮತ್ತೆ 1934, 1935) ಡಾಲರುಗಳು 90 ಶೇಕಡಾ ಬೆಳ್ಳಿ. ಒಂದರಲ್ಲಿ ಮುಕ್ಕಾಲು ಔನ್ಸಿಗಿಂತ ತುಸು ಹೆಚ್ಚು ಶುದ್ಧ ಬೆಳ್ಳಿ, 20ರ ರೋಲಿನಲ್ಲಿ ಸುಮಾರು 15.5 ಔನ್ಸ್. ಇಲ್ಲಿ ನನ್ನ ಸಲಹೆ ಕೊಳ್ಳುವವರಿಗೆ: ತುದಿಯಲ್ಲಿ ಅಪರೂಪದ ಕಾರ್ಸನ್ ಸಿಟಿ ಟಂಕಸಾಲೆಯ ನಾಣ್ಯ ಕಾಣಿಸುತ್ತಿದೆ, ಒಳಗೂ ಅಂಥದ್ದೇ ಇರಬಹುದು ಎಂಬ ರೋಲನ್ನು ದಯವಿಟ್ಟು ಕೊಳ್ಳಬೇಡಿ. ಸರ್ಕಾರದ ಖಜಾನೆ ಬೆಳ್ಳಿ ಡಾಲರ್ ಸಾಗಿಸಿದ್ದು ಸಾವಿರ ನಾಣ್ಯದ ಕ್ಯಾನ್ವಾಸ್ ಚೀಲಗಳಲ್ಲಿ. ರೋಲ್ ಕಟ್ಟಿದ್ದು ಆಮೇಲೆ ಬೇರೆ ಯಾರೋ. ನೂರು ವರ್ಷ ಕಣ್ಣಿಟ್ಟು ನೋಡದೆ ಕೈದಾಟಿ ಬಂದ ರೋಲ್ ಇಂಟರ್ನೆಟ್ ಹರಾಜಿನಲ್ಲಿ ನಿಮಗಾಗಿ ಕಾದಿರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಬೆಳ್ಳಿ ಬೇಕಿದ್ದರೆ ಕಣ್ಣಿಗೆ ಕಾಣುವ ನಾಣ್ಯವನ್ನೇ ತೂಕ ಹಾಕಿಸಿ ಕೊಳ್ಳಿ.

ಹಿರಿಯರಿಂದ ಬಂದದ್ದಾದರೆ ಮಾತು ಬೇರೆ, ಒಡೆದೇ ನೋಡಬೇಕು, ಸಾಧ್ಯವಾದರೆ ತಿಳಿದವರ ಎದುರಿಗೆ. ಬೆಳ್ಳಿ ಡಾಲರಿನಲ್ಲಿ ಇಸವಿ ಮತ್ತು ಟಂಕಸಾಲೆಯ ಗುರುತಿನಿಂದ ಬೆಲೆ ಹತ್ತಾರು ಪಟ್ಟು ಬದಲಾಗುತ್ತದೆ, ವಿಮೆಗಾಗಲಿ ಮನೆಯೊಳಗೆ ಹಂಚಿಕೆಗಾಗಲಿ ಲೆಕ್ಕ ಗೊತ್ತಿರಬೇಕು. ಅಪರೂಪ ಎಂಬುದು ಶಾಶ್ವತವೂ ಅಲ್ಲ. ನ್ಯೂ ಆರ್ಲಿಯನ್ಸಿನ 1903ರ ಮಾರ್ಗನ್ ಡಾಲರ್ ಬಹಳ ದುರ್ಲಭ ಎಂದು ದುಬಾರಿಯಾಗಿತ್ತು. 1962ರ ಕೊನೆಯಲ್ಲಿ ಖಜಾನೆಯಿಂದ ಅವುಗಳ ಚೀಲಗಳು ಹೊರಬಂದವು, ಬೆಲೆ ನೆಲಕಚ್ಚಿತು.

ಊರಿಗೆ ತಂದ ರೋಲ್

ಉಡುಗೊರೆಯೆಂದು ಕರ್ನಾಟಕಕ್ಕೆ ತಂದ ರೋಲುಗಳಿಗೆ ಎರಡು ಮಾತು. ಹಣ ಬದಲಿಸುವವರು ಸಾಮಾನ್ಯವಾಗಿ ವಿದೇಶಿ ನೋಟು ತೆಗೆದುಕೊಳ್ಳುತ್ತಾರೆ, ನಾಣ್ಯ ತೆಗೆದುಕೊಳ್ಳುವುದಿಲ್ಲ. 25 ಡಾಲರ್ ಎಂಬ ಆ ಕನಿಷ್ಠ ಬೆಲೆ ಇಲ್ಲಿ ನಿಮಗೆ ಸಿಗದು. ಇನ್ನೊಂದು, ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದ ತೇವಕ್ಕೆ ಆ ಹಿತ್ತಾಳೆ ತಡೆಯುವುದಿಲ್ಲ. ಕಾಗದವೂ ತೇವ ಹೀರಿ ನಾಣ್ಯಕ್ಕೆ ಅಂಟುತ್ತದೆ. ಇಲ್ಲಿ ಒಡೆದು, ಚೆನ್ನಾಗಿರುವ ಒಂದೆರಡನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಉಳಿದದ್ದನ್ನು ಮಕ್ಕಳಿಗೆ ಕೊಡುವುದೇ ಮೇಲು.

ಒಡೆಯುವುದೇ ಆದರೆ

ಮೊದಲು ರೋಲಿನ ಎರಡು ತುದಿ, ಉದ್ದ, ತಕ್ಕಡಿಯ ಮೇಲಿನ ಅಂಕಿ, ಎಲ್ಲದರ ಫೋಟೊ ತೆಗೆಯಿರಿ. ಮೇಜಿನ ಅಂಚಿಗೆ ಕುಟ್ಟಬೇಡಿ. ಅಂಗಡಿಯಲ್ಲಿ ಚಿಲ್ಲರೆಗೆ ಅದು ನಡೆದೀತು, ಇಲ್ಲಿ ಮೊದಲ ನಾಣ್ಯಕ್ಕೇ ಗಾಯವಾಗುತ್ತದೆ. ಮೆತ್ತನೆಯ ಬಟ್ಟೆ ಹಾಸಿ, ಒಂದು ತುದಿಯ ಸುರುಳಿಯನ್ನು ಉಗುರಿನಿಂದ ನಿಧಾನ ಬಿಡಿಸಿ, ಕಾಗದವನ್ನು ಉದ್ದಕ್ಕೆ ಹರಿಯಿರಿ. ನಾಣ್ಯವನ್ನು ಅಂಚು ಹಿಡಿದೇ ಎತ್ತಿ, ದೀಪದ ಕೆಳಗೆ ಅಂಚನ್ನು ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಮುಖ, ಹಿಂಬದಿ. ಉಜ್ಜುವುದು, ತೊಳೆಯುವುದು, ಪಾಲಿಶ್ ಏನೂ ಬೇಡ. ಹೊಳಪು ಬಂದೀತು, ಬೆಲೆ ಹೋಗುತ್ತದೆ.

ಅಂಚು ಬರಹವಿಲ್ಲದ್ದು ಸಿಕ್ಕರೆ ತೂಕ ಮತ್ತು ಅಗಲ ಎರಡನ್ನೂ ಅಳೆಯಿರಿ. ಅಕ್ಷರ ಉಜ್ಜಿ ತೆಗೆದು ಮಾರುವವರಿದ್ದಾರೆ, ಅಂಥದ್ದು 8.1 ಗ್ರಾಮೂ ಇರುವುದಿಲ್ಲ, 26.5 ಮಿಲಿಮೀಟರೂ ಇರುವುದಿಲ್ಲ. ನಿಮ್ಮದು ರೋಲಿನಿಂದಲೇ ಬಂದದ್ದಾದ್ದರಿಂದ ಆ ಫೋಟೊಗಳೂ ಹರಿದ ಕಾಗದವೂ ನಿಮ್ಮ ಮಾತಿಗೆ ಬಲ ಕೊಡುತ್ತವೆ. ಅವನ್ನು ನಾಣ್ಯದ ಜೊತೆಗೇ, ಆದರೆ ನಾಣ್ಯಕ್ಕೆ ತಾಗದ ಹಾಗೆ, ಬೇರೆ ಲಕೋಟೆಯಲ್ಲಿಡಿ.